ಬಾಡಿಗೆಗೆ ಮುಂಚಿನ ಹುಲ್ಲು

ತುಮಕೂರು ರೈಲ್ವೆ ಸ್ಟೇಷನ್ನಿನ ಜಟಕಾ ಸ್ಟ್ಯಾಂಡಿನಲ್ಲಿ ಒಂದು ಕಟ್ಟಳೆಯಿತ್ತು: ದಿನದ ಬಾಡಿಗೆ ಮುಗಿಯುವ ತನಕ ಕುದುರೆಗೆ ಮೇವಿಲ್ಲ. ಖಾಲಿ ಹೊಟ್ಟೆಯ ಕುದುರೆ ಹಗುರವಾಗಿ ಓಡುತ್ತದಂತೆ, ದಾರಿಯಲ್ಲಿ ಲದ್ದಿ ಹಾಕಿ ಗಿರಾಕಿಯ ಮೂಗು ಮುಚ್ಚಿಸುವುದಿಲ್ಲವಂತೆ. ಸಂಜೆಗೆ ಒಂದು ಬಕೆಟ್ ನೆನೆಸಿದ ಹುರುಳಿ ಸುರಿದರೆ ಮುಗಿಯಿತು. ಈ ಕಟ್ಟಳೆ ಮಾಡಿದ ಪುಣ್ಯಾತ್ಮರು ಒಂದು ದಿನವಾದರೂ ಉಪವಾಸವಿದ್ದು ಗಾಡಿ ಎಳೆದಿದ್ದರೇ ಎಂದು ಯಾರೂ ಕೇಳಿರಲಿಲ್ಲ.

ಅಲ್ಲಿ ಎಂಟು ವರ್ಷದಿಂದ ಜಟಕಾ ಹೊಡೆಯುತ್ತಿದ್ದ ಚಿಕ್ಕಬೀರಯ್ಯನೂ ಕೇಳಿರಲಿಲ್ಲ. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಅವನ ಕುದುರೆ ರಂಗಿ ಹುರುಳಿಗೆ ಮೂತಿ ತಿರುಗಿಸಿತು, ಹಲ್ಲು ಕಡಿಯಿತು, ಲಾಯದ ಬಾಗಿಲನ್ನೇ ಕಚ್ಚತೊಡಗಿತು. ಇನ್ನೊಂದು ತಿಂಗಳು ಹೀಗೇ ಹೋದರೆ ಅದು ಉಳಿಯುವುದಿಲ್ಲವೆಂದು ಗೊತ್ತಾಗಿ ಅವನು ಹೆಂಡತಿಯ ತಮ್ಮನಿಗೆ ಹೇಳಿಕಳಿಸಿದ.

ಕುಣಿಗಲ್‌ನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದ ಭಾಮೈದ ಅಂಜಿನಪ್ಪ ಬಂದು ನೋಡಿದ.

“ಭಾವ, ಕುದುರೆ ಹೊಟ್ಟೇಲಿ ತಿಂದ್ರೂ ತಿನ್ನದಿದ್ರೂ ಹುಳಿ ಊರ್ತಾನೇ ಇರ್ತದೆ. ಒಳಗೆ ಹುಲ್ಲಿಲ್ದೆ ಓಡಿಸಿದ್ರೆ ಆ ಹುಳಿ ಎಗರಿ ಎಗರಿ ಹೊಟ್ಟೇನೇ ಸುಡ್ತದೆ. ಇದಕ್ಕೆ ಹುಣ್ಣಾಗಿದೆ. ಹುರುಳಿ ಕಮ್ಮಿ ಮಾಡು, ಗಾಡಿ ಕಟ್ಟೋಕೆ ಮುಂಚೆ ಹುಲ್ಲಾಕು, ಮಧ್ಯಾಹ್ನ ಕೆರೆ ಅಂಗಳದಾಗೆ ಮೇಯಕ್ಕೆ ಬುಡು.”

ಎಂಟು ವರ್ಷ ಇದರ ಹೊಟ್ಟೆಯನ್ನು ನನ್ನ ಕೈಯಾರೆ ಸುಟ್ಟೆನಲ್ಲ ಎಂದು ಚಿಕ್ಕಬೀರಯ್ಯನಿಗೆ ನಾಚಿಕೆಯಾಯಿತು. ಬೆಳಗಾಗುವುದರೊಳಗೆ ಆ ನಾಚಿಕೆ ಸಿಟ್ಟಾಗಿತ್ತು.

ಅವತ್ತು ಅವನು ಸ್ಟ್ಯಾಂಡಿನ ನಟ್ಟನಡುವೆ ಗರಿಕೆಯ ಹೊರೆ ಬಿಚ್ಚಿ ರಂಗಿಯ ಮುಂದೆ ಹಾಕಿದ. ರೈಲು ಬಂತು. ಗುಬ್ಬಿ ಗೇಟಿಗೆ ಹೋಗಬೇಕಿದ್ದ ವಕೀಲರೊಬ್ಬರು ಗಾಡಿ ಹತ್ತಿ ಕೂತರು. ರಂಗಿ ಮೇಯುತ್ತಲೇ ಇತ್ತು.

ಸ್ಟ್ಯಾಂಡಿನ ಹಿರಿಯ ಚನ್ನವೀರಯ್ಯ ಬಂದ. “ಏನ್ಲಾ ಇದು? ಹುಲ್ಲು ಎತ್ತು. ಇಲ್ದಿದ್ರೆ ನಾಳೆಯಿಂದ ನಿಂಗಿಲ್ಲಿ ಸರದಿ ಇಲ್ಲ.”

“ಬ್ಯಾಡ ಬುಡಣ್ಣ. ರಸ್ತೇಲೇ ನಿಲ್ಲಿಸ್ಕತೀನಿ. ಹುಲ್ಲು ಮಾತ್ರ ಎತ್ತಕಿಲ್ಲ.”

“ಗಿರಾಕಿ ಕಾಯ್ತಾವ್ರೆ ಕಣೋ.”

ಚಿಕ್ಕಬೀರಯ್ಯ ಗಾಡಿಯೊಳಗೆ ಬಗ್ಗಿದ. “ಸ್ವಾಮಿ, ತಮ್ಮದು ತಿಂಡಿ ಆಯ್ತಾ?”

“ಆಯಿತಪ್ಪ,” ಎಂದರು ವಕೀಲರು, ಗಡಿಯಾರ ನೋಡುತ್ತ.

“ಇವಳದು ಇನ್ನೂ ಆಗಿಲ್ಲ.”

ವಕೀಲರು ಇಳಿದು ಬೇರೆ ಗಾಡಿ ಹತ್ತಿದರು. ಮರುದಿನದಿಂದ ಅವನ ಗಾಡಿ ಸ್ಟ್ಯಾಂಡಿನ ಹೊರಗೆ ನಿಂತಿತು. ಬಾಡಿಗೆ ಅರ್ಧಕ್ಕರ್ಧ ಇಳಿಯಿತು. ಎರಡು ತಿಂಗಳಲ್ಲಿ ರಂಗಿ ಹಲ್ಲು ಕಡಿಯುವುದನ್ನು ಬಿಟ್ಟಿತು, ಮೈಗೆ ಹೊಳಪು ಬಂತು.

ಒಂದು ಬೆಳಿಗ್ಗೆ ಚನ್ನವೀರಯ್ಯ ತನ್ನ ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. “ವಾಸಿ ಆಯ್ತಲ್ಲ. ಇನ್ನು ಈ ಹುಲ್ಲಿನ ಆಟ ಬುಟ್ಟು ಒಳಕ್ಕೆ ಬಾ.”

ಚನ್ನವೀರಯ್ಯನ ಕುದುರೆಯೂ ಹಲ್ಲು ಕಡಿಯುತ್ತಿತ್ತು. ಚಿಕ್ಕಬೀರಯ್ಯ ಒಂದು ಹಿಡಿ ಗರಿಕೆ ತೆಗೆದು, ಯಜಮಾನನ ಕಣ್ಣೆದುರಿಗೇ ಅದರ ಬಾಯಿಗೆ ಹಿಡಿದ.

“ನೀನು ತಿನ್ನವ್ವ,” ಎಂದ. “ಕಟ್ಟಳೆ ಮಾಡಿದೋರು ಬಂದು ನನ್ನ ಕೇಳ್ಲಿ.”