ಒಂದು ಲೋಟಕ್ಕೆ ತಿರುಗದ ಮಿಕ್ಸಿ

ಹಾಲಿನ ಡೈರಿಯಲ್ಲಿ ಸಂಜೆಯ ಅಳತೆ ಮುಗಿದ ಮೇಲೆ ಅವಳು ಕ್ಯಾನುಗಳನ್ನು ತೊಳೆದು ಬೋರಲು ಹಾಕಿ, ತನ್ನ ಪಾಲಿನ ಹಾಲು ಹಿಡಿದು ಮನೆಗೆ ಬಂದಳು. ಊರಿನ ಹಾಲೆಲ್ಲ ಅವಳ ಕೈ ದಾಟಿಯೇ ಹೋಗುತ್ತಿತ್ತು. ಮನೆಯಲ್ಲಿ ಒಲೆ ಹಚ್ಚಲು ಮಾತ್ರ ಈಚೆಗೆ ಮನಸ್ಸಾಗುತ್ತಿರಲಿಲ್ಲ. ಒಬ್ಬಳಿಗೆ ಅಂತ ಏನು ಬೇಯಿಸುವುದು?

ಗಂಡ ತೀರಿಕೊಂಡ ಮೇಲೂ ಅವಳು ಅತ್ತೆಯ ಜೊತೆಯಲ್ಲೇ ಉಳಿದವಳು. 'ನಾಲ್ಕು ದಿನ ಇದ್ದು ಬರ್ತೀನಿ' ಎಂದು ಮಗಳ ಮನೆಗೆ ಹೋದ ಅತ್ತೆ, ಹೋಗುವ ಮುನ್ನ ಹಿತ್ತಲಲ್ಲಿ ಬಿತ್ತಿದ್ದ ಸೊಪ್ಪು ಬಲಿತು ಹೂವಾದರೂ ತಿರುಗಿ ಬಂದಿರಲಿಲ್ಲ. ಬನ್ನಿ ಎಂದು ಕರೆಯಲು ಸೊಸೆಗೆ ಬಾಯಿ ಬರುತ್ತಿರಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗಳಿರುವಾಗ ತನ್ನದೇನು ಹಕ್ಕು?

ಬಾಳೆಹಣ್ಣು ಮುರಿದು ಜಾರಿಗೆ ಹಾಕಿದಳು. ಹುರಿದ ಕಡಲೆಬೀಜವನ್ನು ಎಣ್ಣೆ ಬಿಡುವ ತನಕ ಅರೆದು ಮಾಡಿಟ್ಟಿದ್ದ ಬೆಣ್ಣೆ ಒಂದು ಚಮಚ, ಬೀಜ ತೆಗೆದ ಖರ್ಜೂರ, ಮೇಲೆ ತಣ್ಣನೆಯ ಹಾಲು. ಹಲ್ಲುಸೆಟ್ಟು ಸರಿಯಾಗಿ ಕೂರದ ಅತ್ತೆಗೆಂದು ಕಲಿತದ್ದು; ಅಗಿಯುವ ಕಷ್ಟವಿಲ್ಲ, ಗಳಿಗೆಯಲ್ಲಿ ಆಗುತ್ತದೆ. ಗುಂಡಿ ತಿರುಗಿಸಿದರೆ ಮಿಕ್ಸಿ ಗೊರ್ ಎಂದಿತೇ ಹೊರತು ಹಣ್ಣು ಬ್ಲೇಡಿಗೆ ಸಿಗಲಿಲ್ಲ. ದೊಡ್ಡ ಜಾರು, ಒಂದು ಲೋಟದಷ್ಟಿದ್ದರೆ ಎಲ್ಲ ಗೋಡೆಗೆ ಮೆತ್ತಿಕೊಳ್ಳುತ್ತದೆ. ಇನ್ನೊಂದು ಹಣ್ಣು, ಇನ್ನಷ್ಟು ಹಾಲು ಬಿದ್ದ ಮೇಲೆ ಸರಾಗ ತಿರುಗಿತು. ಎರಡು ಲೋಟ ತುಂಬಿತು. ದಿನವೂ ಹೀಗೇ.

ಅಷ್ಟರಲ್ಲಿ ಫೋನು. ಅತ್ತೆಯೇ.

"ಏನೇ, ಬದುಕಿದೀಯಾ?"

"ಇದೀನಿ ಅತ್ತೆ. ಮಿಲ್ಕ್‌ಶೇಕ್ ಮಾಡ್ದೆ."

"ಕಡಲೆಬೀಜದ ಸಿಪ್ಪೆ ತೆಗೆದು ಅರೆದೆ ತಾನೇ?"

ಅವಳು ಲೋಟದೊಳಗೆ ನೋಡಿದಳು. ನೊರೆಯ ಮೇಲೆ ಕಂದು ಚೂರುಗಳು ತೇಲುತ್ತಿದ್ದವು. "ಇಲ್ಲ."

"ಸೋಮಾರಿ! ಹಲ್ಲುಸೆಟ್ಟಿನಡಿ ಸಿಕ್ಕಿ ಪ್ರಾಣ ಹಿಂಡ್ತಿತ್ತಲ್ಲ, ಮರೆತ್ಯಾ?"

"ನಿಮ್ಮ ಹಲ್ಲುಸೆಟ್ಟು ಇಲ್ಲಿಲ್ವಲ್ಲ."

"ಅದಿಲ್ಲ ಅಂತ ಸಿಪ್ಪೆ ಸಮೇತ ತಿಂತೀಯಾ? ಎಮ್ಮೆಗೂ ನಿನಗೂ ಏನೇ ವ್ಯತ್ಯಾಸ?" ಅತ್ತೆ ನಕ್ಕರು. ಆಮೇಲೆ ದನಿ ತಗ್ಗಿತು. "ಇಲ್ಲಿ ನನಗೇ ಅಂತ ಪುಟ್ಟ ಜಾರು ತಂದಿದಾರೆ. ಒಂದೇ ಲೋಟಕ್ಕೂ ಗಿರ್ರ್ ಅನ್ನತ್ತೆ. ಎಲ್ರೂ ಕೆಲಸಕ್ಕೆ ಹೋದ್ಮೇಲೆ ಮಾಡ್ಕೊಂಡು ಕುಡೀತೀನಿ."

"ಒಬ್ರೇನಾ?"

"ಇನ್ನೇನು, ಗೋಡೆ ಕರೀಲಾ ಜೊತೆಗೆ?"

ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಬಂದ್ಬಿಡಿ ಅತ್ತೆ," ಎಂದಳು ಕೊನೆಗೆ.

ಆ ಕಡೆ ಯಾರೋ ನಲ್ಲಿ ಬಿಟ್ಟ ಸದ್ದು. ಅತ್ತೆ ದನಿಯನ್ನು ಇನ್ನೂ ತಗ್ಗಿಸಿದರು.

"ಹೊರಟ್ರೆ ಮಗಳು ಬೇಜಾರು ಮಾಡ್ಕೋತಾಳೆ ಕಣೇ. ನೋಡೋಣ."

ಫೋನು ಇಟ್ಟ ಮೇಲೂ ಅವಳು ಅಲ್ಲೇ ನಿಂತಿದ್ದಳು. ಡೈರಿಯಲ್ಲಿ ಹಾಲು ತೆಳುವಾಗಿದೆಯೆಂದು ತಾನು ವಾಪಸು ಕೊಟ್ಟಾಗ, ನಾಳೆಯಾದರೂ ತಗೋತೀರಾ ಎಂದು ಕೇಳುವವರಿಗೆ ಅವಳು ಹೇಳುತ್ತಿದ್ದುದೂ ಅದೇ ಮಾತು. ನೋಡೋಣ. ಕೇಳಿದವರು ಕ್ಯಾನು ಎತ್ತಿಕೊಂಡು ಸುಮ್ಮನೆ ಹೋಗುತ್ತಿದ್ದರು.

ಒಂದು ಲೋಟ ಕುಡಿದಳು. ಸಿಪ್ಪೆ ನಾಲಿಗೆಗೆ ಅಂಟಿತು. ಇನ್ನೊಂದಕ್ಕೆ ತಟ್ಟೆ ಮುಚ್ಚಿದಳು.

ಡಬ್ಬಿಯಲ್ಲಿ ಹುರಿದ ಬೀಜ ಉಳಿದಿತ್ತು. ತಟ್ಟೆಗೆ ಸುರಿದುಕೊಂಡು, ಅಂಗೈಯಲ್ಲಿ ತಿಕ್ಕಿ, ಅಂಗಳಕ್ಕೆ ಬಂದು ಊದಿದಳು. ಸಿಪ್ಪೆಯೆಲ್ಲ ತಿರುಗಿ ಮುಖಕ್ಕೇ ಬಡಿಯಿತು. ಅತ್ತೆ ಯಾವ ಕಡೆಗೆ ತಿರುಗಿ ನಿಂತು ಊದುತ್ತಿದ್ದರೆಂದು ಅವಳು ಗಮನಿಸಿಯೇ ಇರಲಿಲ್ಲ. ಕಣ್ಣು ಒರೆಸಿಕೊಂಡು ಗಾಳಿಗೆ ಬೆನ್ನು ಮಾಡಿ ನಿಂತಳು, ಮತ್ತೆ ಊದಿದಳು.