ಅಡುಗೆಯಮ್ಮನ ಸೂಪಿಗೆ ಅಮ್ಮನ ಹೊಟ್ಟೆಕಿಚ್ಚು

ಮಕ್ಕಳು ಓದಲು ಪರದೇಶಕ್ಕೆ ಹೋದರೆ ಮನೆಯವರನ್ನು ಮೊದಲು ಕಾಡುವುದು ಪರೀಕ್ಷೆಯ ಚಿಂತೆಯಲ್ಲ, ಊಟದ್ದು. ಟೈಲರಮ್ಮನ ಮಗಳು ಹಲ್ಲಿನ ಡಾಕ್ಟರಾಗಲು ಹೋದವಳು ಮೊದಲ ವಾರವೆಲ್ಲ ಫೋನಿನಲ್ಲಿ ಅತ್ತಳು.

"ಅಮ್ಮಾ, ಇಲ್ಲಿ ಎಲ್ಲಾ ಬರೀ ಬೇಯಿಸಿದ್ದು. ಖಾರ ಇಲ್ಲ, ಹುಳಿ ಇಲ್ಲ. ಬಾಯಿಗಿಡೋಕೆ ಆಗಲ್ಲ."

"ಅಯ್ಯೋ ನನ್ನ ಕಂದಾ!" ಎಂದು ಟೈಲರಮ್ಮ ಕಣ್ಣೊರೆಸಿಕೊಂಡಳು. ಫೋನು ಇಟ್ಟ ಮೇಲೆ ಮಾತ್ರ ಯಾಕೋ ಹಾಡು ಗುನುಗುತ್ತ ಹೊಲಿಗೆ ಯಂತ್ರ ತುಳಿದಳು. ತನ್ನ ಕೈಯಡುಗೆ ಬಿಟ್ಟರೆ ಮಗಳಿಗೆ ಬೇರೇನೂ ರುಚಿಸುವುದಿಲ್ಲ ಎಂಬುದು ದುಃಖದ ಸುದ್ದಿಯೇ. ಆದರೆ ಕೇಳಲು ಬಲು ಹಿತವಾದ ದುಃಖ.

ಮೂರನೇ ವಾರ ಆ ಹಿತಕ್ಕೆ ಕಲ್ಲು ಬಿತ್ತು.

"ಅಮ್ಮಾ, ಇವತ್ತು ಹಾಸ್ಟೆಲಿನ ಅಡುಗೆಯಮ್ಮ ನಂಗೋಸ್ಕರ ತರಕಾರಿ ಸೂಪಿಗೆ ಬೆಳ್ಳುಳ್ಳಿ, ಮೆಣಸು ಜಾಸ್ತಿ ಹಾಕಿಕೊಟ್ರು. ಎರಡು ಬಟ್ಟಲು ಕುಡಿದೆ. ಎಷ್ಟು ಚೆನ್ನಾಗಿತ್ತು ಗೊತ್ತಾ!"

"ಓಹೋ" ಎಂದಳು ಟೈಲರಮ್ಮ. ಆ ದಿನ ಒಂದು ಅಂಗಿಯ ಎಡತೋಳನ್ನು ಬಲಕ್ಕೆ ಹೊಲಿದು, ಕೇಳಲು ಬಂದ ಗಿರಾಕಿಯ ಮೇಲೇ ರೇಗಿದಳು.

ಆಮೇಲೆ ದಿನವೂ ಅದೇ ವರಸೆ. "ಆಯಮ್ಮ ಕೈ ತೊಳ್ಕೊಂಡು ಮಾಡ್ತಾಳಾ?" "ನಾನು ಕಟ್ಟಿಕೊಟ್ಟ ಕಾಳಿನ ಪುಡಿಗಿಂತ ಚೆನ್ನಾಗಿತ್ತಾ?" ಕೊನೆಗೊಂದು ದಿನ, "ಹೊಸ ಅಮ್ಮ ಸಿಕ್ಕಿದ್ಲಲ್ಲ ಬಿಡು. ಇನ್ನು ನನ್ನ ಪುಡಿ ಯಾಕೆ? ಹಲ್ಲುಜ್ಜೋಕೆ ಇಟ್ಕೋ."

ಮರುದಿನದಿಂದ ಸೂಪಿನ ಸುದ್ದಿಯೇ ನಿಂತಿತು. ಮಧ್ಯಾಹ್ನ ಏನು ತಿಂದೆ ಎಂದರೆ "ಅನ್ನ, ನಿನ್ನ ಪುಡಿ." ಬೆಳಿಗ್ಗೆ? "ಬ್ರೆಡ್ಡು, ನಿನ್ನ ಪುಡಿ." ಟೈಲರಮ್ಮ ಕುಸ್ತಿ ಗೆದ್ದ ಪೈಲ್ವಾನನಂತೆ ಬೀದಿಯಲ್ಲಿ ಓಡಾಡಿದಳು.

ಹೀಗೆ ಒಂದು ತಿಂಗಳು ಕಳೆಯಿತು. ಒಂದು ಸಂಜೆ ಪಕ್ಕದ ಮನೆಯ ನರ್ಸಕ್ಕ ಅಂಗಿಯ ಅಳತೆ ಕೊಡಲು ಬಂದಿದ್ದರು. ಕಾಲೇಜು ಹಾಸ್ಟೆಲೊಂದರಲ್ಲಿ ಮೂವತ್ತು ವರ್ಷ ದಾದಿಯಾಗಿದ್ದು ನಿವೃತ್ತರಾದವರು ಅವರು. ಅದೇ ಹೊತ್ತಿಗೆ ಮಗಳ ವಿಡಿಯೋ ಕರೆ ಬಂತು.

ಮಗಳು ತೊಟ್ಟಿದ್ದ ಅಂಗಿ ಟೈಲರಮ್ಮನೇ ಹೊಲಿದದ್ದು. ಭುಜದ ಹೊಲಿಗೆ ಎರಡು ಬೆರಳು ಕೆಳಗಿಳಿದಿತ್ತು. ಕೊರಳಪಟ್ಟಿಯೊಳಗೆ ಇನ್ನೊಂದು ಕೊರಳು ಹಿಡಿಸುವಷ್ಟು ಜಾಗವಿತ್ತು. ಆ ಬಟ್ಟೆ ಹಿಗ್ಗುವ ಜಾತಿಯದಲ್ಲ.

"ನೋಡಿದ್ರಾ ನರ್ಸಕ್ಕ! ಆಯಮ್ಮನ ಸೂಪು ಮೈಗೆ ಹತ್ತಲೇ ಇಲ್ಲ!" ಎಂದಳು ಟೈಲರಮ್ಮ. ದನಿಯಲ್ಲಿ ಅರ್ಧ ಗಾಬರಿ, ಅರ್ಧ ಜಯಭೇರಿ.

ನರ್ಸಕ್ಕ ಫೋನು ಕಸಿದುಕೊಂಡರು. "ಪುಟ್ಟೀ, ನಿಜ ಹೇಳು. ಹಾಸ್ಟೆಲ್ ಊಟಕ್ಕೆ ಹೋಗಿ ಎಷ್ಟು ದಿನ ಆಯ್ತು?"

ಮಗಳು ಕಣ್ಣೊರೆಸಿಕೊಂಡಳು. "ಒಂದು ತಿಂಗಳು, ಆಂಟಿ. ಅಮ್ಮಂಗೆ ಬೇಜಾರಾಗುತ್ತಲ್ಲ ಅಂತ ಬಿಟ್ಟೆ. ರೂಮಲ್ಲೇ ಮಾಡ್ಕೊಳ್ಳೋ ಪುಡಿ ಅನ್ನ ಸಾಕು ಅಂದ್ಕೊಂಡೆ. ನಿನ್ನೆ ಪ್ರಾಕ್ಟಿಕಲ್‌ನಲ್ಲಿ ತಲೆ ಸುತ್ತಿ ನೆಲದ ಮೇಲೆ ಕೂತುಬಿಟ್ಟೆ. ಹೀಗೇ ಆದ್ರೆ ಈ ವರ್ಷ ಪರೀಕ್ಷೆ ಬಿಟ್ಟು ಮನೆಗೆ ಹೋಗು ಅಂತಿದ್ದಾರೆ ಕಾಲೇಜಿನ ಮೇಡಂ."

ಟೈಲರಮ್ಮನ ಮುಖ ಇಸ್ತ್ರಿ ಕಾಣದ ಬಟ್ಟೆಯಾಯಿತು.

"ಅಳಬೇಡ, ಕೇಳು" ಎಂದರು ನರ್ಸಕ್ಕ. "ಮೊದಲು ಕಾಲೇಜಿನ ಡಾಕ್ಟರ ಹತ್ರ ಹೋಗು. ತಲೆ ಸುತ್ತೋದು, ಇಷ್ಟು ಸಣ್ಣ ಆಗೋದು ಸುಮ್ನೆ ಬಿಡೋ ವಿಷಯ ಅಲ್ಲ. ಆಮೇಲೆ ಸೀದಾ ಊಟದ ಮನೆಗೆ. ತಟ್ಟೇಲಿ ಗೊತ್ತಿರೋದು ಒಂದು, ಹೊಸದು ಒಂದು. ಹೊಸದು ಎರಡೇ ಚಮಚ ಸಾಕು. ಹಿಡಿಸದಿದ್ರೆ ಬಿಡು, ನಾಲ್ಕು ದಿನ ಬಿಟ್ಟು ಇನ್ನೊಂದು ಸಲ ನೋಡು. ನಾಲಿಗೆಗೂ ಪರಿಚಯ ಆಗ್ಬೇಕಲ್ಲ! ಒಳಗೆ ಏನು ಹಾಕಿದ್ದಾರೆ ಕೇಳು. ನಿನಗೆ ಆಗದ್ದು, ನೀನು ತಿನ್ನದ್ದು ಇದ್ರೆ ನಾಚ್ಕೋಬೇಡ, ಬಾಯಿಬಿಟ್ಟು ಹೇಳು. ದಿನಾ ತರಕಾರಿ ಹೊಟ್ಟೆಗೆ ಹೋಗ್ಲಿ, ಜೊತೆಗೆ ಕಾಳೋ ಹಾಲೋ ಮೊಟ್ಟೆಯೋ ನಿನಗೆ ಒಗ್ಗಿದ್ದು. ಪುಡಿ ರುಚಿಗೆ ಕಣೇ, ಅದೇ ಊಟ ಅಲ್ಲ."

ಫೋನು ಇಟ್ಟ ಮೇಲೆ ಟೈಲರಮ್ಮ ಮೆಲ್ಲಗೆ ಕೇಳಿದಳು, "ನನ್ನ ಪುಡೀಲಿ ಏನೂ ಇಲ್ವಾ ನರ್ಸಕ್ಕ?"

"ಕಾಳಿದೆ, ಪ್ರೀತಿ ಇದೆ. ಮೂರು ಹೊತ್ತೂ ಒಂದೊಂದು ಚಮಚ ಪ್ರೀತೀಲಿ ಯಾರೂ ಬದುಕಲ್ಲ."

"ನಂಗೆ ಹೊಟ್ಟೆಕಿಚ್ಚು ಅಂತೀರಾ?"

"ನಾನೆಲ್ಲಿ ಅಂದೆ? ನೀನೇ ಅಂದೆ."

"ಹದಿನೆಂಟು ವರ್ಷ ಅವಳ ಹಿಂದೆ ಮುಂದೆ ಓಡಾಡಿ ಉಣಿಸಿದೀನಿ. ಆಯಮ್ಮ ಎರಡು ಬಟ್ಟಲು ಸೂಪಿಗೆ ಅವಳನ್ನ ಎಗರಿಸಿಕೊಂಡು ಹೋದ್ರೆ ಉರಿಯಲ್ವಾ?"

"ಉರಿಯುತ್ತೆ. ಆದ್ರೆ ಆ ಉರೀಲಿ ಉಪವಾಸ ಬಿದ್ದವಳು ಆಯಮ್ಮ ಅಲ್ಲ, ನಿನ್ನ ಮಗಳು."

ಟೈಲರಮ್ಮ ಅಳತೆಯ ಟೇಪು ಸುತ್ತಿಟ್ಟಳು.

ಮರುದಿನ ಊಟದ ಹೊತ್ತು ನೋಡಿ ತಾನೇ ಕರೆ ಮಾಡಿದಳು. "ಆಯಮ್ಮನ ಹತ್ರ ಫೋನು ಕೊಡು."

ಪರದೆಯ ಮೇಲೆ ದುಂಡುಮುಖದ ಹೆಂಗಸೊಬ್ಬಳು ಸೌಟು ಹಿಡಿದು ನಕ್ಕಳು. ಟೈಲರಮ್ಮ ಅವಳ ಹಿಂದಿನ ಗೋಡೆ, ಒಲೆ, ಪಾತ್ರೆಯೆಲ್ಲ ಕಣ್ಣಲ್ಲೇ ಜಾಲಾಡಿದಳು. ಎಲ್ಲೂ ಒಂದು ಕೊಳೆ ಸಿಗಲಿಲ್ಲ. ಅದೊಂದು ಬೇರೆ ಸಂಕಟ.

"ಕೇಳೇ, ಎರಡು ಬಟ್ಟಲು ಕುಡಿಸಿದವರು ಮೂರು ಕುಡಿಸೋಕಾಗಲ್ವಾ ಅಂತ."

ಮಗಳು ಅವರ ಭಾಷೆಯಲ್ಲಿ ಹೇಳಿದಳು. ಅಡುಗೆಯಮ್ಮ ಸೌಟು ಆಡಿಸುತ್ತ ಏನೇನೋ ದೊಡ್ಡದಾಗಿ ಹೇಳಿದಳು. ಮಗಳು ನಗು ತಡೆಯಲಾರದೆ ತಿಳಿಸಿದಳು, "ಅಮ್ಮಾ, ನಾನು ಊಟಕ್ಕೆ ಬರದೇ ಇದ್ದಾಗ ನನ್ನ ರೂಮಿನ ಹುಡುಗೀರನ್ನ ಕೇಳಿದ್ರಂತೆ. ಮನೆಯಿಂದ ಯಾವುದೋ ಪುಡಿ ಬಂದಿದೆ, ಅದನ್ನೇ ತಿಂತಾಳೆ ಅಂದ್ರಂತೆ. ಅವತ್ತಿಂದ ನಿನ್ನ ಪುಡಿ ಹೆಸರು ಕೇಳಿದ್ರೆ ಮೈಯೆಲ್ಲ ಉರಿಯುತ್ತಂತೆ ಇವರಿಗೆ!"

ಟೈಲರಮ್ಮನಿಗೆ ಈಗ ನಿಜವಾಗಿ ಹೊಟ್ಟೆ ತಣ್ಣಗಾಯಿತು. "ಪಾಪ, ಒಳ್ಳೇ ಹೆಂಗಸು" ಎಂದಳು. "ಅವರ ಮುಂದೆ ಕೂತು ಕುಡಿ. ಬಿಸಿ ಆರೋಕೆ ಮುಂಚೆ."

ಓದುವವರೇ, ನಿಮ್ಮ ಮನೆಯ ಮಗನೋ ಮಗಳೋ ದೂರದಲ್ಲಿ ಓದುತ್ತಿದ್ದರೆ ಇಂದೇ ಒಂದು ಕರೆ ಮಾಡಿ. "ನನ್ನ ಅಡುಗೆಯಷ್ಟು ಚೆನ್ನಾಗಿದೆಯಾ?" ಎಂದು ಕೇಳಬೇಡಿ. "ಇವತ್ತು ಹೊಸದೇನು ತಿಂದೆ?" ಎಂದು ಕೇಳಿ. "ಚೆನ್ನಾಗಿತ್ತು" ಎಂಬ ಉತ್ತರ ಬಂದರೆ "ಇನ್ನೊಂದಿಷ್ಟು ಹಾಕಿಸಿಕೋ" ಎನ್ನಿ. ನಮ್ಮ ಹೊಟ್ಟೆ ಸ್ವಲ್ಪ ಉರಿದರೆ ಉರಿಯಲಿ, ಮಕ್ಕಳ ಹೊಟ್ಟೆ ತುಂಬಲಿ.