ಏಳನೇ ಮಹಡಿಯ ಅಜ್ಜಿಯ ನಲವತ್ತಮೂರು ಮಾತು

೧

"ಅವಳು ಲಿಫ್ಟಿನ ಬಾಗಿಲು ತೆರೆದಳು." ಹೀಗೆ ಶುರು ಮಾಡಿದರೆ ಹೇಗೆ? ಬೇಡ. ಲಿಫ್ಟಿನ ಬಾಗಿಲು ಎಂದ ಕೂಡಲೇ ಒಳಗೊಂದು ಹೆಣ ಇರುತ್ತದೆ ಎಂದುಕೊಳ್ಳುತ್ತೀರಿ ನೀವು. ಈ ಕಥೆಯಲ್ಲಿ ಯಾರೂ ಸಾಯುವುದಿಲ್ಲ. ಈಗಲೇ ಹೇಳಿಬಿಟ್ಟಿದ್ದೇನೆ, ಕೊನೆಗೆ ಬಂದು ನನ್ನ ಮೇಲೆ ಗೂಬೆ ಕೂರಿಸಬೇಡಿ.

"ವಿಡಿಯೋ ಗೇಮ್ ಎಂಬುದು ನಮ್ಮ ಕಾಲದ ಅತ್ಯಂತ..." ಇದು ಎರಡನೇ ಪ್ರಯತ್ನ. ಅರ್ಧ ವಾಕ್ಯಕ್ಕೇ ನನಗೆ ಆಕಳಿಕೆ ಬಂತು.

ಸುತ್ತಿ ಬಳಸುವುದು ಬೇಡ. ಒಬ್ಬಳು ನಾದಿನಿ, ಒಬ್ಬಳು ಅತ್ತಿಗೆ. ಇಬ್ಬರೂ ಸೇರಿ ಒಂದು ಗೇಮ್ ಮಾಡಿದರು. ನಾದಿನಿ ಒಂಬತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವಳು. ಅತ್ತಿಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನಲ್ಲಿ ಕೂತು, ಯಾರಿಗೆ ಎಷ್ಟು ಗಂಟೆಗೆ ಎಂದು ಡೈರಿಯಲ್ಲಿ ಬರೆದುಕೊಳ್ಳುವವಳು. (ಹೆಸರು ಕೇಳಬೇಡಿ. ಇಟ್ಟಿದ್ದೆ, ಇಬ್ಬರಿಗೂ ಹಿಡಿಸಲಿಲ್ಲ.)

೨

ಗೇಮ್ ಬಗ್ಗೆ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೆ. ಹಾಗಾಗಿ ನಾದಿನಿಯನ್ನೇ ಕೇಳಿದೆ.

"ಈ ಕೆಲಸದಲ್ಲಿ ಮೊದಲು ಕಲಿತದ್ದು ಏನು?"

"ಮುಗಿಸೋದು."

"ಅದಕ್ಕೂ ಮೊದಲು?"

"ಮುಗಿಸದೇ ಇರೋದು."

ಅವಳ ಮೊದಲ ಗೇಮಿನಲ್ಲಿ ಒಂದು ಚೆಂಡಿತ್ತು. ಚೆಂಡು ಪುಟಿಯಬೇಕಿತ್ತು. ಅದು ನೆಲದೊಳಗೆ ತೂರಿ ಹೋಯಿತು, ಹೋಗುತ್ತಲೇ ಇತ್ತು, ಕಂಪ್ಯೂಟರ್ ಆಫ್ ಮಾಡುವವರೆಗೂ. "ಅಲ್ಲಿ ನೆಲ ಇದೆ ಅಂತ ಚೆಂಡಿಗೆ ಹೇಳೋದನ್ನೇ ಮರ್ತಿದ್ದೆ," ಎಂದಳು. ಎರಡನೆಯದರಲ್ಲಿ ಹನ್ನೆರಡು ರಾಜ್ಯಗಳು, ನಾಲ್ಕು ಸೈನ್ಯ. ಎಂಟು ತಿಂಗಳಾದ ಮೇಲೆ ನೋಡಿದರೆ ಒಂದು ರಾಜ್ಯದ ಹೆಬ್ಬಾಗಿಲು ಮಾತ್ರ ತಯಾರಾಗಿತ್ತು, ಅದೂ ತೆರೆಯುತ್ತಿರಲಿಲ್ಲ.

ಆಮೇಲೆ ಬುದ್ಧಿ ಬಂತು. ಹದಿನೈದು ದಿನಕ್ಕೊಂದು ಸಣ್ಣ ಗೇಮ್. ಚೆನ್ನಾಗಿರಲಿ ಕೆಟ್ಟದಾಗಿರಲಿ, ಮುಗಿಸಿ ನೆಟ್ಟಿಗೆ ಹಾಕುವುದು. ಯಾರಾದರೂ ಬೈದರೆ ಬರೆದಿಟ್ಟುಕೊಳ್ಳುವುದು, ಮುಂದಿನದಕ್ಕೆ ಹೋಗುವುದು. ಮುಗಿಯದ ಆ ಎರಡನ್ನು ಬಿಟ್ಟು, ಹೀಗೆ ಹದಿನಾಲ್ಕು ಮಾಡಿದಳು. ಹನ್ನೊಂದನೆಯದನ್ನು ಮೂರು ಜನ ಕೊನೆಯವರೆಗೂ ಆಡಿದರು, ಅವರಲ್ಲಿ ಅವಳೂ ಒಬ್ಬಳು.

"ಆಟ ಆಡೋ ವಯಸ್ಸಾ ಇದು?" ಎಂದು ಅವಳ ಅಣ್ಣ ಕೇಳಿದ.

"ಆಡೋದಲ್ಲ ಅಣ್ಣ, ಮಾಡೋದು."

ಒಂದೇ ಅಕ್ಷರದ ವ್ಯತ್ಯಾಸ. ಆ ಒಂದು ಅಕ್ಷರಕ್ಕಾಗಿ ಅವಳು ಕೆಲಸಕ್ಕೆ ಒಂದು ವರ್ಷ ರಜೆ ಹಾಕಿದ್ದಳು. ರಜೆ ಮುಗಿಯುವ ಹೊತ್ತಿಗೆ ಹೆಡ್ ಮೆಕ್ಯಾನಿಕ್ ಫೋನ್ ಮಾಡಿ, "ಸೋಮವಾರ ಬಂದ್ರೆ ನಿನ್ನ ಸ್ಪ್ಯಾನರ್ ನಿಂದೇ. ಬರ್ಲಿಲ್ಲ ಅಂದ್ರೆ ಬೇರೆಯವ್ರನ್ನ ತಗೋತೀನಮ್ಮ, ಬೇಜಾರು ಮಾಡ್ಕೋಬೇಡ," ಎಂದರು. ಅದಕ್ಕೆ ಎರಡು ದಿನ ಮೊದಲು, ಶನಿವಾರ, ಸಣ್ಣಪುಟ್ಟ ಗೇಮ್ ಮಾಡುವವರದೊಂದು ಪ್ರದರ್ಶನವಿತ್ತು. ಅಲ್ಲಿ ಯಾರಾದರೂ ಕೈ ಹಿಡಿದರೆ ಸರಿ, ಇಲ್ಲವಾದರೆ ಸ್ಪ್ಯಾನರ್.

೩

ಹದಿನೈದನೇ ಗೇಮಿನಲ್ಲಿ ಹನ್ನೊಂದು ಮಹಡಿಯ ಕಟ್ಟಡವಿದೆ. ಆಡುವವರು ಅದರ ಲಿಫ್ಟ್ ನಡೆಸಬೇಕು, ಹತ್ತುವವರ ಜೊತೆ ಮಾತಾಡಬೇಕು, ಮಾತಿನಿಂದ ಅವರವರ ಮನೆಯ ಕಥೆ ತಿಳಿದುಕೊಳ್ಳಬೇಕು. ಮೇಲೆ ಹೋಗುತ್ತಿರುವ ಲಿಫ್ಟು ಮೇಲಿನ ಕರೆಗಳನ್ನೆಲ್ಲ ಮುಗಿಸಿಯೇ ಕೆಳಗೆ ತಿರುಗುತ್ತದೆ, ನಡುವೆ ಯಾರು ಎಷ್ಟು ಸಲ ಗುಂಡಿ ಒತ್ತಿದರೂ ಕೇಳುವುದಿಲ್ಲ. ಬೇರೆಯವರಾಗಿದ್ದರೆ ಇದನ್ನು ಕಂಪ್ಯೂಟರ್ ಕೋಡಿಗೆ ಇಳಿಸಲು ತಲೆ ಕೆರೆದುಕೊಳ್ಳುತ್ತಿದ್ದರು. ನಾದಿನಿ ಒಂದು ಬೆಳಿಗ್ಗೆಯಲ್ಲಿ ಬರೆದು ಮುಗಿಸಿದಳು.

ಮಾತು ಬರೆಯುವುದು ಮಾತ್ರ ಅವಳಿಂದ ಆಗಲಿಲ್ಲ. ಅದು ಅತ್ತಿಗೆಯ ಪಾಲಿಗೆ ಬಂತು. ದಿನವಿಡೀ ಹಲ್ಲುನೋವಿನವರ ಮಾತು ಕೇಳುವವಳಿಗೆ ಮಾತಿಗೇನು ಬರ? ಕ್ಲಿನಿಕ್ಕಿನ ಹಳೆಯ ಡೈರಿಯಲ್ಲಿ, ಹತ್ತೂಕಾಲು, ಹತ್ತೂವರೆ ಎಂದು ಅಚ್ಚಾದ ಗೆರೆಗಳ ಮುಂದೆ ಒಂದೊಂದೇ ಮಾತು ಬರೆದು ಕೊಟ್ಟಳು. ಅಷ್ಟೂ ಏಳನೇ ಮಹಡಿಯ ಅಜ್ಜಿಯದೇ, ನಲವತ್ತಮೂರು ಮಾತು.

ಈಗ ಟವೆಲ್ಲಿನ ವಿಷಯ. ಗೇಮ್ ಕಟ್ಟುವಾಗ ನಿಜವಾದ ಮಾತು ಬರುವವರೆಗೆ ಆ ಜಾಗದಲ್ಲಿ ಏನಾದರೊಂದು ತುಂಬಿಸಿ ಇಡುತ್ತಾರೆ, ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ. ಇವರಿಬ್ಬರೂ ಅದನ್ನು ಟವೆಲ್ ಎಂದೇ ಕರೆಯುತ್ತಿದ್ದರು. ಅಜ್ಜಿಯ ಎಲ್ಲ ಜಾಗಕ್ಕೂ ನಾದಿನಿ ಹಾಕಿದ ಟವೆಲ್ ಒಂದೇ: "ಆಮೇಲೆ ಹೇಳ್ತೀನಿ."

ಯಾವ ಮಹಡಿಗೆ ಅಜ್ಜಿ? ಆಮೇಲೆ ಹೇಳ್ತೀನಿ. ಊಟ ಆಯ್ತಾ? ಆಮೇಲೆ ಹೇಳ್ತೀನಿ.

ಡೈರಿ ಕೈಗೆ ಬಂದು ಮೂರು ವಾರವಾಯಿತು. ಉಳಿದವರ ಮಾತನ್ನೆಲ್ಲ ಅತ್ತಿಗೆ ಮೊದಲೇ ಫೋನಿನಲ್ಲಿ ಕಳಿಸಿದ್ದಳು, ಅವು ಒಳಗೆ ಸೇರಿದ್ದವು. ಅಜ್ಜಿಯ ಮಾತು ಮಾತ್ರ ಡೈರಿಯಲ್ಲಿತ್ತು, ಟೈಪ್ ಮಾಡಬೇಕಿತ್ತು. ಒಂದು ಮಧ್ಯಾಹ್ನದ ಕೆಲಸ. ಬಾಗಿಲು ಮುಚ್ಚುವಾಗ ಜನರ ಕಾಲು ಸಿಕ್ಕಿಕೊಳ್ಳುತ್ತಿತ್ತು, ಮೊದಲು ಅದನ್ನು ಸರಿ ಮಾಡೋಣ ಎಂದಳು ನಾದಿನಿ. ಆಮೇಲೆ ಸದ್ದು, ಆಮೇಲೆ ಬೆಳಕು. "ಅಜ್ಜಿ ಮಾತು" ಎಂಬುದು ಪಟ್ಟಿಯಲ್ಲಿ ದಿನಾ ಒಂದೊಂದು ಮೆಟ್ಟಿಲು ಕೆಳಗಿಳಿಯಿತು.

೫

(ನಾಲ್ಕನ್ನು ಹೊಡೆದುಹಾಕಿದ್ದೇನೆ. ಅದರಲ್ಲಿ ನಾದಿನಿಗೂ ಹೆಡ್ ಮೆಕ್ಯಾನಿಕ್ಕಿಗೂ ಪ್ರೇಮ ಹುಟ್ಟಿಸಿದ್ದೆ. "ಅವ್ರಿಗೆ ಐವತ್ತೆಂಟು, ಮೊಮ್ಮಕ್ಕಳಿದ್ದಾರೆ. ನಿಮಗೆ ಬೇರೆ ಕೆಲ್ಸ ಇಲ್ವಾ?" ಎಂದಳು. ಇರಲಿಲ್ಲ.)

ಶನಿವಾರದ ಪ್ರದರ್ಶನದ ಹಾಲ್. ಉದ್ದುದ್ದ ಮೇಜುಗಳು, ಕಾಲಿಗೆ ತೊಡರುವ ವಯರುಗಳು, ಮೇಜಿಗೊಂದು ಮಾನಿಟರ್, ಎರಡು ಸ್ಟೂಲು. ಹನ್ನೊಂದು ಗಂಟೆಗೆ ಕೊರಿಯರ್ ಕಂಪನಿಯ ಜಾಕೆಟ್ ಹಾಕಿದ ಒಬ್ಬ ಬಂದು ಕೂತ. ಏಳನೇ ಮಹಡಿಯಲ್ಲಿ ಅಜ್ಜಿ ಹತ್ತಿದಳು.

"ಆಮೇಲೆ ಹೇಳ್ತೀನಿ," ಎಂದಳು ಅಜ್ಜಿ.

ಹಿಂದೆ ನಿಂತಿದ್ದ ನಾದಿನಿಗೆ ಆಗ ನೆನಪಾಯಿತು. ಯಂತ್ರ ನಿಲ್ಲಿಸೋಣವೆಂದರೆ ಆ ಮನುಷ್ಯ ಬಿಡಬೇಕಲ್ಲ! ನಲವತ್ತು ನಿಮಿಷ ಅಜ್ಜಿಯೊಬ್ಬಳನ್ನೇ ಮೇಲೆ ಕೆಳಗೆ ಸುತ್ತಾಡಿಸಿದ. ಬೇರೆ ಮಹಡಿಯವರು ಗುಂಡಿ ಒತ್ತಿ ಒತ್ತಿ ಸುಸ್ತಾದರು. ಸುತ್ತ ಜನ ಸೇರಿತು.

"ಏನಂದ್ಲು?"

"ಆಮೇಲೆ ಹೇಳ್ತಾಳಂತೆ."

"ಗಂಡ ಸತ್ತಿದ್ದಾನೆ ಅವಳದು. ಅದಕ್ಕೇ ಮನೆಗೆ ಹೋಗ್ತಿಲ್ಲ," ಎಂದಳೊಬ್ಬಳು.

"ಹೋಗೇ, ಅವಳಿಗೆ ಮಹಡಿನೇ ಮರ್ತುಹೋಗಿದೆ," ಎಂದಳು ಅವಳ ಗೆಳತಿ. ಇಬ್ಬರಿಗೂ ಜಗಳವಾಯಿತು.

ಹನ್ನೆರಡೂವರೆಗೆ ಕೊರಳಿಗೆ ಕಾರ್ಡ್ ತೂಗುಹಾಕಿಕೊಂಡ ಒಬ್ಬ ಹೆಂಗಸು ಬಂದಳು. ಗೇಮ್ ಪ್ರಕಟಿಸುವ ಕಂಪನಿಯೊಂದಕ್ಕೆ ಆಯ್ಕೆ ಮಾಡುವವಳು. ಒಂದು ಗಂಟೆ ಹೊಡೆಯುವ ತನಕ ನಿಂತು ನೋಡಿದಳು.

"ಈ ಅಜ್ಜಿನೇ ನಿಮ್ಮ ಗೇಮು," ಎಂದಳು. "ಉಳಿದವ್ರನ್ನ ಕಡಿಮೆ ಮಾಡಿ. ಇವಳು ಕೊನೇವರೆಗೂ ಇದೊಂದೇ ಮಾತು ಆಡ್ಬೇಕು, ಇನ್ನೊಂದು ಮಾತು ಸೇರಿಸೋ ಹಾಗಿಲ್ಲ. ಒಪ್ಪಿಗೆ ಇದ್ರೆ ಎರಡು ವರ್ಷ ನಮ್ಮ ದುಡ್ಡಲ್ಲಿ ನೀವು ಇದನ್ನೇ ಮಾಡ್ಕೊಂಡಿರಬಹುದು. ಯಾರು ಬರೆದಿದ್ದು ಇದನ್ನ?"

ನಾದಿನಿ ಬಾಯಿ ತೆರೆದಳು. ಅಷ್ಟರಲ್ಲಿ ಕ್ಲಿನಿಕ್ ಮುಗಿಸಿ ಬಂದ ಅತ್ತಿಗೆ, ಹೆಗಲಿನ ಚೀಲದ ಸಮೇತ, ಜನರ ಹಿಂದೆ ನಿಂತಿರುವುದು ಕಂಡಿತು.

೬

ಇಲ್ಲಿಂದ ದಾರಿ ಕವಲೊಡೆಯುತ್ತದೆ. ನಿಮಗೆ ಬೇಕಾದದ್ದನ್ನು ಆರಿಸಿಕೊಳ್ಳಿ.

ಅಂತ್ಯ ಒಂದು. ನಾದಿನಿ ನಿಜ ಹೇಳುತ್ತಾಳೆ. ಕಾರ್ಡಿನ ಹೆಂಗಸು ಡೈರಿ ಓದಿ ಕಣ್ಣೊರೆಸಿಕೊಂಡು, ಇದು ಇನ್ನೂ ಚೆನ್ನಾಗಿದೆ ಎನ್ನುತ್ತಾಳೆ. ಸತ್ಯಕ್ಕೆ ಜಯ. (ಶಾಲೆಯ ಗೋಡೆಗೆ ಬರೆಸಬಹುದು.)

ಅಂತ್ಯ ಎರಡು. "ನಾನೇ ಬರೆದೆ," ಎನ್ನುತ್ತಾಳೆ ನಾದಿನಿ. ಸುಳ್ಳೂ ಅಲ್ಲವಲ್ಲ. ಗೇಮ್ ಹೆಸರು ಮಾಡುತ್ತದೆ. ಅತ್ತಿಗೆ ಮಾತು ಬಿಡುತ್ತಾಳೆ.

ಇದನ್ನು ಬರೆಯುವಾಗ ನಾದಿನಿ ಅಡ್ಡ ಬಂದಳು.

"ನಾನ್ ಅಷ್ಟು ಕೆಟ್ಟವಳಾ?"

"ಕಥೆಗೆ ಬೇಕಿತ್ತು."

"ನಿಮ್ಮ ಅತ್ತಿಗೆಗೆ ಹೀಗೆ ಮಾಡ್ತಿದ್ರಾ?"

"ನನಗೆ ಅತ್ತಿಗೆ ಇಲ್ಲ."

"ಅದು ಗೊತ್ತಾಗ್ತಿದೆ," ಎಂದಳು.

ಅಂತ್ಯ ಮೂರು. ಅತ್ತಿಗೆ ಮುಂದೆ ಬಂದು ನಾದಿನಿಯ ತಲೆ ಸವರಿ, "ಪರವಾಗಿಲ್ಲ ಬಿಡು, ನೀನು ಮುಂದೆ ಬಂದ್ರೆ ನನಗೆ ಅಷ್ಟೇ ಸಾಕು," ಎನ್ನುತ್ತಾಳೆ.

ಇದು ನನಗೆ ಬಹಳ ಹಿಡಿಸಿತ್ತು. ಮತ್ತೊಮ್ಮೆ ಓದಿದಾಗ ಕಿವಿ ಬಿಸಿಯಾಯಿತು. ಅಣ್ಣ ಮಾತಾಡಿದ್ದಾನೆ, ಮೆಕ್ಯಾನಿಕ್ ಮಾತಾಡಿದ್ದಾರೆ, ಜಗಳಾಡುವ ಗೆಳತಿಯರೂ ಮಾತಾಡಿದ್ದಾರೆ. ಮಾತು ಬರೆಯುವ ಅತ್ತಿಗೆಗೆ ನಾನು ಇಲ್ಲಿಯವರೆಗೆ ಒಂದೇ ಒಂದು ಮಾತು ಕೊಟ್ಟಿಲ್ಲ. ಈಗ ಕೊಟ್ಟದ್ದೂ ಟವೆಲ್ಲೇ.

ಮೂರನ್ನೂ ಹರಿದುಹಾಕಿದೆ. "ನೀವೇನು ಹೇಳ್ತೀರಿ?" ಎಂದು ಅತ್ತಿಗೆಯನ್ನು ಕೇಳಿದೆ. ಆಕೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಜನರನ್ನು ಸರಿಸಿಕೊಂಡು ನೇರವಾಗಿ ನಾದಿನಿಯ ಹತ್ತಿರ ಹೋದಳು.

೭

"ಅವ್ರು ಹೇಳಿದ್ದು ಸರಿ ಕಣೇ," ಎಂದಳು ಅತ್ತಿಗೆ. "ಅಜ್ಜಿ ಅದೊಂದೇ ಮಾತಾಡಿದ್ರೂ ಚೆನ್ನಾಗೇ ಇದೆ. ಹಿಂದೆ ನಿಂತು ಹತ್ತು ನಿಮಿಷ ನೋಡ್ದೆ."

"ಅತ್ತಿಗೆ, ನೀವು ಬರೆದಿದ್ದನ್ನ ನಾನು ಹಾಕ್ಬೇಕು ಅಂತಾನೇ..."

"ಹಾಕೋದು ಬಿಡೋದು ನಿನ್ನಿಷ್ಟ. ಓದಿದ್ಯಾ?"

"ಏನನ್ನ?"

"ಡೈರಿನ. ಒಂದ್ಸಲನಾದ್ರೂ ಓದಿದ್ಯಾ ಅಂತ ಕೇಳ್ದೆ."

ಅತ್ತಿಗೆಯ ಕಣ್ಣು ಮೇಜಿನ ಮೇಲಿತ್ತು. ಡೈರಿ ಅಲ್ಲೇ ಇತ್ತು, ಮಾನಿಟರಿನ ಅಡಿಯಲ್ಲಿ. ಪರದೆ ಕಣ್ಣಿನ ಎತ್ತರಕ್ಕೆ ಬರಲೆಂದು ನಾದಿನಿ ಮೂರು ವಾರ ಮನೆಯಲ್ಲೂ ಅದನ್ನು ಹಾಗೇ ಇಟ್ಟುಕೊಂಡಿದ್ದಳು, ಇಲ್ಲಿಗೂ ಅದಕ್ಕೇ ತಂದಿದ್ದಳು. ಸರಿಯಾದ ದಪ್ಪ ಇತ್ತು.

ನಾದಿನಿ ಒಂದು ಕೈಯಲ್ಲಿ ಮಾನಿಟರ್ ಎತ್ತಿ ಇನ್ನೊಂದರಿಂದ ಡೈರಿ ಎಳೆದಳು. ಪರದೆ ನಾಲ್ಕು ಬೆರಳು ಕೆಳಗಿಳಿಯಿತು.

"ಏನ್ರೀ ಇದು, ಆಡ್ತಾ ಇದ್ದೀನಿ!" ಎಂದ ಕೊರಿಯರಿನವನು. ಮತ್ತೆ ಬಂದು ಕೂತಿದ್ದ.

"ಹಾಗಾದ್ರೆ ಒಪ್ಪಿಗೆ ಅಂದ್ಕೊಳ್ಳಲಾ?" ಎಂದಳು ಕಾರ್ಡಿನ ಹೆಂಗಸು.

ಯಾರೂ ಅವಳ ಕಡೆ ನೋಡಲಿಲ್ಲ. ನಾದಿನಿ ಖಾಲಿ ಸ್ಟೂಲಿನ ಮೇಲೆ ಕೂತು ಮೊದಲ ಪುಟ ತೆರೆದಳು. ಅತ್ತಿಗೆ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ನಿಂತಳು.

ಸೋಮವಾರ ಏನಾಯಿತು ಎಂದು ನೀವು ಕೇಳುತ್ತೀರಿ. ನನಗೆ ಗೊತ್ತಿಲ್ಲ. ಆ ನಲವತ್ತಮೂರು ಮಾತುಗಳಾದರೂ ಏನು ಎಂದು ಕೇಳುತ್ತೀರಿ. ಅದೂ ಗೊತ್ತಿಲ್ಲ. ಡೈರಿ ಸೃಷ್ಟಿಸಿದೆ, ಗೆರೆ ಎಳೆದೆ, ಲೆಕ್ಕ ಹೇಳಿದೆ, ಒಳಗೆ ಏನಿದೆ ಎಂದು ನಾನೂ ನೋಡಿರಲಿಲ್ಲ. ನಾಚಿಕೆಯಾಗುತ್ತಿದೆ.

ನಾದಿನಿಯ ಹೆಗಲ ಮೇಲಿಂದ ಬಗ್ಗಿ, "ಏನು ಬರೆದಿದ್ದಾರೆ?" ಎಂದು ಕೇಳಿದೆ.

"ಸುಮ್ನಿರಿ," ಎಂದಳು ನಾದಿನಿ. "ಓದ್ತಾ ಇದ್ದೀನಿ."